ಚೀಲ ಹೊತ್ತ ಹುಡುಗನ ಹೆಸರೇನು?

ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೊರಟರೆ ಹೆದ್ದಾರಿಯಲ್ಲಿ ಆನಗೋಡು ಸಿಗುತ್ತದೆ. ಹಿಂದೆ 4ನೇ ಸಂಖ್ಯೆಯ ಹೆದ್ದಾರಿ, ಈಗ 48. ಇಂಥ ದಾರಿಬದಿಯ ಊರಿನ ಹುಡುಗನೊಬ್ಬನಿಗೆ ಯಾರೋ ಚೀಲ ಕೊಟ್ಟು, ‘ಹರಿಹರದಲ್ಲಿ ಒಬ್ಬರು ಕಾಯ್ತಿರ್ತಾರೆ, ಮುಟ್ಟಿಸಿ ಬಾ, ಐನೂರು ರೂಪಾಯಿ’ ಎಂದರು ಎಂದಿಟ್ಟುಕೊಳ್ಳೋಣ. (ಊರಿನ ಮೇಲೆ ಆರೋಪವಲ್ಲ, ಉದಾಹರಣೆಯಷ್ಟೇ.) ಚೀಲದಲ್ಲಿ ಗಾಂಜಾ. ಹುಡುಗ ಸಿಕ್ಕಿಬಿದ್ದ. ಕಾನೂನು ಅವನನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಗೆ ಉತ್ತರ ಕಾಲಕಾಲಕ್ಕೆ ಬದಲಾಗಿದೆ.

ಏಕೀಕರಣಕ್ಕೆ ಮುಂಚೆ ಹರಿಹರ ಮೈಸೂರಿಗೆ ಸೇರಿತ್ತು. ತುಂಗಭದ್ರೆಯ ಸೇತುವೆ ದಾಟಿದರೆ ಮುಂಬೈ ಪ್ರಾಂತ್ಯ. ಮದ್ರಾಸ್ 1920ರಲ್ಲಿ, ಮುಂಬೈ 1924ರಲ್ಲಿ ಮಕ್ಕಳ ಕಾಯ್ದೆ ಮಾಡಿದರೆ, ಮೈಸೂರಿನದು 1943ರದು. ಇವುಗಳ ಜಾಗಕ್ಕೆ ಇಡೀ ರಾಜ್ಯಕ್ಕೊಂದೇ ಕಾಯ್ದೆ ಬಂದದ್ದು 1964ರಲ್ಲಿ.

ಮಾದಕ ವಸ್ತು ಕಾಯ್ದೆ ಜಾರಿಯಾದದ್ದು 1985ರ ನವೆಂಬರ್ 14ರಂದು. ಅದು ಮಕ್ಕಳ ದಿನಾಚರಣೆ ಎಂಬುದು ಕಾಕತಾಳೀಯವಿರಬೇಕು. ಮರುವರ್ಷದ ಬಾಲನ್ಯಾಯ ಕಾಯ್ದೆ ಹುಡುಗರಿಗೆ 16, ಹುಡುಗಿಯರಿಗೆ 18 ವರ್ಷದ ಗೆರೆ ಎಳೆಯಿತು. ಹಾಗಾಗಿ ಹದಿನೇಳರ ಹುಡುಗ ಬ್ರೌನ್ ಶುಗರ್ ಸಾಗಿಸುತ್ತ ಸಿಕ್ಕಿದರೆ ದೊಡ್ಡವರ ನ್ಯಾಯಾಲಯ, ಕನಿಷ್ಠ ಹತ್ತು ವರ್ಷ ಸಜೆ. ಇಬ್ಬರಿಗೂ 18 ಎಂದಾದದ್ದು 2000ದ ಕಾಯ್ದೆಯಲ್ಲಿ.

2015ರ ಕಾಯ್ದೆ ಎರಡು ದಿಕ್ಕಿಗೆ ನೋಡುತ್ತದೆ. ಮಾದಕ ವ್ಯಸನಕ್ಕೋ ಸಾಗಣೆಗೋ ಎಳೆಯಲ್ಪಡುವ ಅಪಾಯದಲ್ಲಿರುವ ಮಗು ‘ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು’ ಎನ್ನುತ್ತದೆ. ಮಕ್ಕಳಿಂದ ಮಾದಕ ವಸ್ತು ಸಾಗಿಸುವವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಲಕ್ಷ ರೂಪಾಯಿವರೆಗೆ ದಂಡ. ಆದರೆ 16 ದಾಟಿದವನ ಮೇಲಿನ ಆರೋಪ ‘ಘೋರ ಅಪರಾಧ’ವಾದರೆ, ಬಾಲನ್ಯಾಯ ಮಂಡಳಿಯ ಪ್ರಾಥಮಿಕ ಪರಿಶೀಲನೆಯ ನಂತರ ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಲೂಬಹುದು. ಗಾಂಜಾ ವಾಣಿಜ್ಯ ಪ್ರಮಾಣವೆನಿಸುವುದು 20 ಕಿಲೋ ಮೀರಿದಾಗ; ಅಲ್ಲಿಂದ ಕನಿಷ್ಠ ಸಜೆ ಹತ್ತು ವರ್ಷ, ಅಂದರೆ ಘೋರ. ಆದರೆ ಚೀಲ ತುಂಬಿದವನು, ತೂಕ ನಿರ್ಧರಿಸಿದವನು ಹುಡುಗನಲ್ಲ. ತನ್ನ ಕೈಯಲ್ಲಿರುವುದು ಹತ್ತೋ ಇಪ್ಪತ್ತೋ ಎಂಬುದು ಅವನಿಗೆ ತಿಳಿದಿರಲಿಕ್ಕಿಲ್ಲ. ನನಗೆ ಈ ಕಾಯ್ದೆಯಲ್ಲಿ ಅತ್ಯಂತ ಕಸಿವಿಸಿ ತರುವ ಸಂಗತಿ ಇದೇ.

ಬ್ರಿಟನ್‌ನಲ್ಲಿ ಇದಕ್ಕೆ ‘ಕೌಂಟಿ ಲೈನ್ಸ್’ ಎಂದು ಹೆಸರು. ಮಹಾನಗರದ ತಂಡಗಳು ಸಣ್ಣ ಊರುಗಳಿಗೆ ಮಕ್ಕಳ ಕೈಯಲ್ಲಿ ಮಾಲು ಕಳಿಸುತ್ತವೆ. ಮೊದಲು ಶೂ, ಮೊಬೈಲು, ಊಟ. ಆಮೇಲೆ ದಾರಿಯಲ್ಲಿ ಮಾಲು ದರೋಡೆ. ಎಷ್ಟೋ ಸಲ ದರೋಡೆ ಮಾಡಿಸುವುದು ಅದೇ ತಂಡ. ನಷ್ಟ ಹುಡುಗನ ಹೆಸರಿಗೆ ಸಾಲವಾಗುತ್ತದೆ, ಸಾಲ ತೀರಿಸಲು ಮತ್ತೆ ಸಾಗಣೆ. ನಮ್ಮ ಹಳ್ಳಿಗಳ ಜೀತವನ್ನು ಬಲ್ಲವರಿಗೆ ಈ ಲೆಕ್ಕ ಹೊಸದೇನಲ್ಲ. ಹೀಗೆ ಬಳಕೆಯಾದ ಮಕ್ಕಳು ಅದನ್ನೇ ಪ್ರತಿವಾದವಾಗಿ ಮುಂದಿಡಲು ಅಲ್ಲಿನ ಆಧುನಿಕ ಗುಲಾಮಗಿರಿ ಕಾಯ್ದೆ 2015ರಲ್ಲೇ ಅವಕಾಶ ಕೊಟ್ಟಿತು.

ನಮ್ಮಲ್ಲೂ ದಾರಿ ಇದೆ. ಆರೋಪ ಹೊತ್ತ ಮಗುವೇ ರಕ್ಷಣೆ ಬೇಕಾದ ಮಗುವೂ ಆಗಿರಬಹುದೆಂದು ಕಾಯ್ದೆ ಒಪ್ಪಿದೆ. ಬಾಲನ್ಯಾಯ ಮಂಡಳಿ ಯಾವ ಹಂತದಲ್ಲೂ ಪ್ರಕರಣವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಚೀಲ ಕೈಗೆ ಬರುವ ಮೊದಲೇ ಸಮಿತಿಯ ಮುಂದೆ ಹೋಗಬಹುದು. ಪೊಲೀಸರೇ ಕರೆದೊಯ್ಯಬೇಕೆಂದಿಲ್ಲ, ಸಮಾಜ ಕಾರ್ಯಕರ್ತರು, ದಾದಿ, ವೈದ್ಯರು, ಕೊನೆಗೆ ಹುಡುಗ ತಾನೇ ಹೋದರೂ ಸರಿ. 1996ರಲ್ಲಿ ಮುಂಬೈನಲ್ಲಿ ಶುರುವಾದ ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಕರೆಗೆ ಕಾಸಿಲ್ಲ.