ಪ್ರಿಂಟಿನ ಹಿಂಬದಿಯ ಇತಿಹಾಸ: ಮೊದಲ ಮಾನವಸಹಿತ ಗಗನಯಾನಗಳ ಛಾಯಾಚಿತ್ರ ಸಂಗ್ರಹ

ಚಂದ್ರನ ನೆಲದ ಮೇಲೆ ನಿಂತ ಬಜ್ ಆಲ್ಡ್ರಿನ್ ಚಿತ್ರವನ್ನು ನೋಡದವರು ಕಡಿಮೆ. ನಾಸಾ ತೆಗೆದ ಚಿತ್ರಗಳಿಗೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯದ ಕಟ್ಟಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು. ಹೀಗೆ ಪುಕ್ಕಟೆಯಾಗಿ ಸಿಗುವ ಚಿತ್ರದ ಹಳೆಯ ಕಾಗದದ ಪ್ರತಿಗೆ ಲಂಡನ್ನಿನ ಹರಾಜುಗಳಲ್ಲಿ ಸಾವಿರಾರು ಪೌಂಡ್ ಬೆಲೆ ಬರುತ್ತದೆ. ಅಪರೂಪದ ವಸ್ತುವಿನ ಮೋಹ ಇದಕ್ಕೆ ಒಂದು ಕಾರಣ. ಆದರೆ ಸಂಶೋಧಕರಿಗೆ ಮುಖ್ಯವಾದ ಕಾರಣ ಬೇರೆ: ಆ ಕಾಲದಲ್ಲೇ ತೊಳೆದು ಹಂಚಿದ ಪ್ರಿಂಟು ಒಂದು ದಾಖಲೆ. ಯಾವ ಚಿತ್ರವನ್ನು ಜಗತ್ತಿಗೆ ತೋರಿಸಲಾಯಿತು, ಯಾವ ರೂಪದಲ್ಲಿ, ಯಾವ ವಿವರಣೆಯೊಂದಿಗೆ ಎಂಬುದಕ್ಕೆ ಅದೇ ಸಾಕ್ಷಿ.

ಗಗನಯಾನದ ಆರಂಭದಲ್ಲಿ ಕ್ಯಾಮೆರಾಗೆ ದೊಡ್ಡ ಸ್ಥಾನವೇನೂ ಇರಲಿಲ್ಲ. 1961ರ ಆಗಸ್ಟ್‌ನಲ್ಲಿ ಸೋವಿಯತ್ ಗಗನಯಾತ್ರಿ ಗೆರ್ಮನ್ ಟಿಟೊವ್ ವೋಸ್ಟೋಕ್-2 ನೌಕೆಯಿಂದ ಚಲನಚಿತ್ರ ಕ್ಯಾಮೆರಾದಲ್ಲಿ ಭೂಮಿಯನ್ನು ಸೆರೆಹಿಡಿದರು. 1962ರ ಫೆಬ್ರುವರಿ 20ರಂದು ಭೂಮಿಯನ್ನು ಸುತ್ತಿದ ಜಾನ್ ಗ್ಲೆನ್ ಕೈಯಲ್ಲಿದ್ದುದು ಫ್ಲಾರಿಡಾದ ಅಂಗಡಿಯೊಂದರಲ್ಲಿ ಸುಮಾರು 40 ಡಾಲರಿಗೆ ಕೊಂಡ ಆನ್ಸ್ಕೊ ಕ್ಯಾಮೆರಾ. ದಪ್ಪ ಕೈಗವಸಿನಲ್ಲೂ ಒತ್ತಲು ಬರುವಂತೆ ಅದಕ್ಕೆ ಪಿಸ್ತೂಲಿನ ಹಿಡಿಯಂಥದ್ದನ್ನು ಜೋಡಿಸಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಾಲ್ಟರ್ ಶಿರ್ರಾ ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್ ಕ್ಯಾಮೆರಾವನ್ನು ಒಯ್ದರು. ಅದೂ ಹ್ಯೂಸ್ಟನ್ನಿನ ಅಂಗಡಿಯಲ್ಲಿ ಕೊಂಡದ್ದೇ. ಮುಂದಿನ ಜೆಮಿನಿ, ಅಪೊಲೊ ಯಾನಗಳ ಪ್ರಸಿದ್ಧ ಚಿತ್ರಗಳಲ್ಲಿ ಬಹುಪಾಲು ಈ ಕಂಪನಿಯ ಕ್ಯಾಮೆರಾಗಳಲ್ಲಿ, 70 ಮಿ.ಮೀ. ಫಿಲಂ ಮೇಲೆ ಮೂಡಿದವು.

ಚಂದ್ರನ ಮೇಲೆ ಬಳಸಿದ ಹ್ಯಾಸಲ್‌ಬ್ಲಾಡ್‌ಗಳಲ್ಲಿ ಬಹುಪಾಲು ಅಲ್ಲೇ ಉಳಿದವು. ತೂಕ ಉಳಿಸಲು ಫಿಲಂ ಇದ್ದ ಮ್ಯಾಗಜಿನ್‌ಗಳನ್ನಷ್ಟೇ ಕಳಚಿ ತಂದರು. ಆ ಮೂಲ ಫಿಲಂಗಳನ್ನು ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಶೀತಕೋಠಿಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಸಾರ್ವಜನಿಕರ ಕೈಗೆ ಬಂದದ್ದು ಅವುಗಳ ನಕಲು ಫಿಲಂನಿಂದ ತೊಳೆದ ಪ್ರಿಂಟುಗಳು. ಇವುಗಳ ಸಾಮಾನ್ಯ ಅಳತೆ ಎಂಟು–ಹತ್ತು ಇಂಚು.

ಅಂಥ ಒಂದು ಪ್ರಿಂಟನ್ನು ಕೈಗೆತ್ತಿಕೊಂಡು ನೋಡೋಣ. ಬಣ್ಣದ ಪ್ರಿಂಟಾದರೆ ಮುಂಬದಿಯ ಬಿಳಿ ಅಂಚಿನ ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ನಾಸಾ ಸಂಖ್ಯೆ ಇರುತ್ತದೆ. 'ಎಎಸ್11-40-5903' ಎಂದಿದ್ದರೆ ಅಪೊಲೊ 11, ನಲವತ್ತನೆಯ ಮ್ಯಾಗಜಿನ್, 5903ನೆಯ ಚೌಕಟ್ಟು ಎಂದು ಓದಿಕೊಳ್ಳಬೇಕು. ತಿರುಗಿಸಿದರೆ ನೇರಳೆ ಶಾಯಿಯ ವಿವರಣೆ, ಅದರಡಿಯಲ್ಲಿ ಕಾಗದದ ತುಂಬ ಓರೆಯಾಗಿ ಹಬ್ಬಿದ 'ಎ ಕೊಡಾಕ್ ಪೇಪರ್' ಎಂಬ ಮಸುಕು ಮುದ್ರೆ. ಸಂಖ್ಯೆ ಮರುಮುದ್ರಣದಲ್ಲೂ ಅದೇ ಇರಬಹುದು, ಆದರೆ ಕಾಗದ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಕೊಡಾಕ್ ಕಂಪನಿಯ ರಾಳ ಲೇಪಿತ ಬಣ್ಣದ ಕಾಗದ ಬಂದದ್ದು 1960ರ ದಶಕದ ಕೊನೆಗೆ. ಆದ್ದರಿಂದ 1965ರ ಜೂನ್ 3ರಂದು ಎಡ್ ವೈಟ್ ನೌಕೆಯಿಂದ ಹೊರಗೆ ತೇಲಿದ ಚಿತ್ರ ಪ್ಲಾಸ್ಟಿಕ್‌ನಂಥ ನುಣುಪು ಕಾಗದದ ಮೇಲಿದ್ದರೆ ಅದು ಆ ವರ್ಷದ ಪ್ರಿಂಟಲ್ಲ ಎಂದು ನಿಸ್ಸಂಶಯವಾಗಿ ಹೇಳಬಹುದು.

ಚಿತ್ರದ ಮುಖವನ್ನೂ ಹೀಗೆಯೇ ಪರೀಕ್ಷಿಸಬೇಕು. ಆಲ್ಡ್ರಿನ್ ಅವರ ಆ ಪ್ರಸಿದ್ಧ ಚಿತ್ರವನ್ನು ತೆಗೆದವರು ನೀಲ್ ಆರ್ಮ್‌ಸ್ಟ್ರಾಂಗ್. ಮೂಲ ಫಿಲಂನಲ್ಲಿ ಚೌಕಟ್ಟು ವಾಲಿದೆ, ಆಲ್ಡ್ರಿನ್ ತಲೆಯ ಮೇಲೆ ಜಾಗವೇ ಇಲ್ಲ, ಆಂಟೆನಾದ ತುದಿ ಕತ್ತರಿಸಿ ಹೋಗಿದೆ. ಪತ್ರಿಕೆಗಳಿಗೆ ಕೊಡುವಾಗ ಚಿತ್ರವನ್ನು ನೇರ ಮಾಡಿ, ಮೇಲೆ ಕಪ್ಪು ಆಕಾಶವನ್ನು ಸೇರಿಸಲಾಯಿತು. 1968ರ ಡಿಸೆಂಬರ್ 24ರಂದು ಅಪೊಲೊ 8ರ ಬಿಲ್ ಆ್ಯಂಡರ್ಸ್ ತೆಗೆದ ಭೂ ಉದಯದ ಚಿತ್ರಕ್ಕೂ ಇಂಥದೇ ಕಥೆಯಿದೆ. ಅವರ ದೃಷ್ಟಿಯಲ್ಲಿ ಚಂದ್ರನ ಅಂಚು ಲಂಬವಾಗಿತ್ತು, ಭೂಮಿ ಅದರ ಪಕ್ಕದಲ್ಲಿತ್ತು. ಜಗತ್ತು ಕಂಡದ್ದು ಅಡ್ಡಲಾಗಿ ತಿರುಗಿಸಿದ ರೂಪವನ್ನು. ಇಂಥ ತಿದ್ದುಪಡಿಗಳನ್ನು ವಂಚನೆ ಎನ್ನುವುದು ತಪ್ಪು. ಇವು ಸಂಪಾದಕರ ಕೈಕೆಲಸ, ಹಳೆಯ ಪ್ರಿಂಟುಗಳಿಲ್ಲದೆ ಅದರ ಜಾಡು ಹಿಡಿಯುವುದು ಕಷ್ಟ.

ಬೆಳಕಿಗೆ ಬಾರದೆ ಉಳಿದ ಚಿತ್ರಗಳ ಪ್ರಶ್ನೆ ಇನ್ನೂ ದೊಡ್ಡದು. ಅಪೊಲೊ 11ರಲ್ಲಿ ಹ್ಯಾಸಲ್‌ಬ್ಲಾಡ್ ಹೆಚ್ಚು ಹೊತ್ತು ಆರ್ಮ್‌ಸ್ಟ್ರಾಂಗ್ ಬಳಿಯೇ ಇದ್ದುದರಿಂದ ಚಂದ್ರನ ಮೇಲೆ ಅವರ ಒಳ್ಳೆಯ ಸ್ಥಿರಚಿತ್ರವೇ ಇಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ನೌಕೆಯ ನೆರಳಿನಲ್ಲಿ ಬೆನ್ನು ಮಾಡಿ ಕೆಲಸದಲ್ಲಿ ತೊಡಗಿದ್ದ ಅವರನ್ನು ಆಲ್ಡ್ರಿನ್ ತೆಗೆದ 5886ನೆಯ ಚೌಕಟ್ಟು ಗುರುತಿಗೆ ಬಂದದ್ದು 1980ರ ದಶಕದಲ್ಲಿ. 2015ರಲ್ಲಿ ಲಂಡನ್ನಿನ ಬ್ಲೂಮ್ಸ್‌ಬರಿ ಹರಾಜಿಗೆ 600ಕ್ಕೂ ಹೆಚ್ಚು ಹಳೆಯ ಪ್ರಿಂಟುಗಳು ಬಂದವು. 2020ರಲ್ಲಿ ಕ್ರಿಸ್ಟೀಸ್ ಸಂಸ್ಥೆ ಫ್ರಾನ್ಸಿನ ಸಂಗ್ರಾಹಕರೊಬ್ಬರ ಸುಮಾರು 2,400 ಛಾಯಾಚಿತ್ರಗಳನ್ನು ಹರಾಜಿಗಿಟ್ಟಿತು, ಆರ್ಮ್‌ಸ್ಟ್ರಾಂಗ್ ಚಿತ್ರವೂ ಅದರಲ್ಲಿತ್ತು. ಹತ್ತಾರು ಚಿತ್ರಗಳಷ್ಟೇ ಮತ್ತೆ ಮತ್ತೆ ಅಚ್ಚಾಗುತ್ತಿದ್ದ ಕಾಲದಲ್ಲಿ ಉಳಿದವನ್ನು ಹುಡುಕಿ ಜೋಡಿಸಿದವರು ಸಂಗ್ರಾಹಕರು ಎಂಬುದನ್ನು ವಿದ್ವತ್ ಲೋಕ ಒಪ್ಪಬೇಕು.

ಈ ಕಥೆಯಲ್ಲಿ ನಮ್ಮ ನೆಲವೂ ಇದೆ. 1966ರ ಸೆಪ್ಟೆಂಬರ್‌ನಲ್ಲಿ ಜೆಮಿನಿ 11 ನೌಕೆ ಸುಮಾರು 1,370 ಕಿಲೊಮೀಟರ್ ಎತ್ತರಕ್ಕೇರಿತು. ಆ ಯಾನದಲ್ಲಿ ಪೀಟ್ ಕಾನ್ರಾಡ್ ಮತ್ತು ರಿಚರ್ಡ್ ಗಾರ್ಡನ್ ತಂದ ಚಿತ್ರವೊಂದರಲ್ಲಿ ದಕ್ಷಿಣ ಭಾರತದ ಪರ್ಯಾಯ ದ್ವೀಪ ಮತ್ತು ಶ್ರೀಲಂಕಾ ಒಟ್ಟಿಗೆ ಕಾಣುತ್ತವೆ: ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಬಂಗಾಳ ಕೊಲ್ಲಿ. ಭೂಪಟದಲ್ಲಿ ಮಾತ್ರ ಕಂಡಿದ್ದ ಕರಾವಳಿಯ ರೇಖೆ ಆ ಚಿತ್ರದಲ್ಲಿ ನಿಜವಾದ ನೆಲವಾಗಿ ಕಂಡಿತು. 1969ರ ಅಕ್ಟೋಬರ್‌ನಲ್ಲಿ ಅಪೊಲೊ 11ರ ಮೂವರೂ ಮುಂಬೈಗೆ ಬಂದಿದ್ದರು. ಅಮೆರಿಕದ ವಾರ್ತಾ ಇಲಾಖೆ ದೆಹಲಿಯಿಂದ 'ಸ್ಪ್ಯಾನ್' ಪತ್ರಿಕೆಯನ್ನು ಹೊರತರುತ್ತಿದ್ದ ಕಾಲವದು. ಆದ್ದರಿಂದ ಇಂಥ ಪ್ರಿಂಟುಗಳನ್ನು ಭಾರತದಲ್ಲೂ ಹುಡುಕಬೇಕು.

ಅವುಗಳಿಗೆ ಈಗ ದೊಡ್ಡ ಅಪಾಯವೆಂದರೆ ಹವೆ. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ಹಸಿರುನೀಲಿ ವರ್ಣ ಕತ್ತಲಲ್ಲಿ ಇಟ್ಟರೂ ಮಾಸುತ್ತದೆ, ಚಿತ್ರ ಕೆಂಪಿಗೆ ತಿರುಗುತ್ತದೆ. ಸೆಕೆ ಹೆಚ್ಚಿದಷ್ಟೂ ಇದು ಬೇಗ. ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿದರಂತೂ ಚಿತ್ರದ ಪದರವೇ ಹಾಳು. ಹಳೆಯ ಪತ್ರಿಕಾ ಕಚೇರಿ, ಕಾಲೇಜು ಗ್ರಂಥಾಲಯ, ವಿಜ್ಞಾನ ಅಧ್ಯಾಪಕರ ಮನೆಯ ಕಪಾಟುಗಳಲ್ಲಿ ಇಂಥ ಪ್ರಿಂಟು ಸಿಕ್ಕಿದವರು ಅದಕ್ಕೆ ಸೆಲ್ಲೊಟೇಪು ಅಂಟಿಸಬಾರದು, ಲ್ಯಾಮಿನೇಟ್ ಮಾಡಿಸಬಾರದು, ಹಿಂಬದಿಯ ಬರಹ ಒರೆಸಬಾರದು. ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ, ಆಮ್ಲರಹಿತ ಲಕೋಟೆಯಲ್ಲಿ ತಂಪಾದ ಒಣ ಜಾಗದಲ್ಲಿಟ್ಟು, ಎಲ್ಲಿಂದ ಬಂತು ಎಂಬುದನ್ನು ಬೇರೆ ಚೀಟಿಯಲ್ಲಿ ಬರೆದಿಡಬೇಕು. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಇವುಗಳ ಪಟ್ಟಿ ಮಾಡುವ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಲಿ.