ಬ್ರೆಡ್ಡು, ಜಾಮು ಮತ್ತು ಒಂದು ಸಂವಿಧಾನ ತಿದ್ದುಪಡಿ

ಊರಿನ ಕೆಲಸಕ್ಕೆ ಎಮ್ಮೆಲ್ಲೆ ಮನೆಗೆ ಹೋಗುವಾಗ ಬರಿಗೈಲಿ ಹೋಗುವ ರೂಢಿ ನಮ್ಮಲ್ಲಿಲ್ಲ. ಒಂದು ಹಾರ, ನಾಲ್ಕು ನಿಂಬೆಹಣ್ಣು, ತೋಟ ಇದ್ದವರಾದರೆ ಒಂದು ಬಾಳೆಗೊನೆ. 1970ರ ದಶಕದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೂ ಹೀಗೇ ಹೆಂಗಸರು ಗುಂಪುಗುಂಪಾಗಿ ಬರುತ್ತಿದ್ದರು. ಕೈಯಲ್ಲಿ ಮನೆಯಲ್ಲೇ ಮಾಡಿದ ಬ್ರೆಡ್ಡು, ಜಾಮು. ಶಾಸಕರ ಕೈಗೆ ಅದನ್ನು ಕೊಟ್ಟು, ನಗುತ್ತಲೇ ಒಂದು ಮಾತು ಕೇಳುತ್ತಿದ್ದರು. ರಸ್ತೆ ಅಲ್ಲ, ನೀರು ಅಲ್ಲ. ಹೆಣ್ಣಿಗೆ ಗಂಡಿನ ಸಮ ಹಕ್ಕು ಕೊಡುವ ತಿದ್ದುಪಡಿಗೆ ದಯವಿಟ್ಟು ಓಟು ಹಾಕಬೇಡಿ ಎಂದು!

ಹೆಂಗಸರೇ ಬಂದು ಸಮಾನ ಹಕ್ಕು ಬೇಡ ಅನ್ನುವುದೇ? ಮೊದಲ ಸಲ ಓದಿದಾಗ, ಹಿಂದೆ ಯಾರೋ ಗಂಡಸರು ನಿಂತು ಕಳಿಸಿರಬೇಕು ಅಂದುಕೊಂಡೆವು. ಓದುತ್ತಾ ಹೋದಂತೆ ನಮ್ಮ ಎಣಿಕೆ ತಪ್ಪಾಯಿತು.

ಆ ತಿದ್ದುಪಡಿಯನ್ನು ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಇಆರ್‌ಎ ಅನ್ನುತ್ತಾರೆ. ಅದರ ಮುಖ್ಯ ವಾಕ್ಯದಲ್ಲಿ ಇರುವುದು ಬರೀ 24 ಪದ. ಹೆಣ್ಣು ಅಥವಾ ಗಂಡು ಎಂಬ ಕಾರಣಕ್ಕೆ ಕಾನೂನಿನ ಸಮಾನತೆಯನ್ನು ಸರ್ಕಾರ ನಿರಾಕರಿಸುವಂತಿಲ್ಲ ಎನ್ನುವುದಷ್ಟೇ ಅದರ ಸಾರ. 1923ರಿಂದ ಕೇಳುತ್ತಾ ಬಂದಿದ್ದು 1972ರ ಮಾರ್ಚಿನಲ್ಲಿ ಸೆನೆಟ್‌ನಲ್ಲಿ 84ಕ್ಕೆ 8 ಮತಗಳಿಂದ ಪಾಸಾಯಿತು. ಅಲ್ಲಿನ ನಿಯಮದಂತೆ ಸಂಸತ್ತು ಒಪ್ಪಿದರೆ ಸಾಲದು, 50 ರಾಜ್ಯಗಳಲ್ಲಿ 38 ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. ಏಳು ವರ್ಷ ಗಡುವು ಇತ್ತು. ಮೊದಲ ವರ್ಷದಲ್ಲೇ 30 ರಾಜ್ಯಗಳು ಒಪ್ಪಿಬಿಟ್ಟವು. ಇನ್ನೇನು ಎಂಟು ಬಾಕಿ. ಅಷ್ಟರಲ್ಲಿ ಗಾಡಿ ನಿಂತಿತು.

ನಿಲ್ಲಿಸಿದವರಲ್ಲಿ ಮುಖ್ಯ ಹೆಸರು ಫಿಲಿಸ್ ಶ್ಲಾಫ್ಲಿ. ಇಲಿನಾಯ್‌ನ ಆಲ್ಟನ್ ಎಂಬ ಊರಿನ ಕ್ಯಾಥೊಲಿಕ್ ಗೃಹಿಣಿ, ಆರು ಮಕ್ಕಳ ತಾಯಿ. ಸಭೆಗಳಲ್ಲಿ, ಇಲ್ಲಿಗೆ ಬರಲು ಬಿಟ್ಟ ನನ್ನ ಗಂಡನಿಗೆ ಮೊದಲು ವಂದನೆ ಎಂದು ಮಾತು ಶುರು ಮಾಡುವುದು ಆಕೆಯ ಅಭ್ಯಾಸ. ಎದುರು ಪಕ್ಷದ ಹೆಂಗಸರು ಉರಿದುಬೀಳಲಿ ಅಂತಲೇ ಹಾಗೆ ಹೇಳುತ್ತೇನೆ ಅಂತಲೂ ಒಪ್ಪಿಕೊಂಡಿದ್ದರು. ಇಷ್ಟೇ ನೋಡಿದರೆ ಪಾಪದ ಹೆಂಗಸು ಅನಿಸಬಹುದು. ಆದರೆ ಇದೇ ಹೆಂಗಸು ಯುದ್ಧಕಾಲದಲ್ಲಿ ಮದ್ದುಗುಂಡು ಕಾರ್ಖಾನೆಯಲ್ಲಿ ರಾತ್ರಿಪಾಳಿ ದುಡಿದು ಕಾಲೇಜು ಓದಿದವರು. ಎರಡು ಸಲ ಸಂಸತ್ತಿಗೆ ನಿಂತು ಸೋತವರು. 1964ರಲ್ಲಿ ಆಕೆ ಬರೆದ ರಾಜಕೀಯ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿತ್ತು. ಚಳವಳಿಯ ನಡುವೆಯೇ, 50 ದಾಟಿದ ಮೇಲೆ, ಕಾನೂನು ಪದವಿಯನ್ನೂ ಪಡೆದರು. ಹೆಣ್ಣಿನ ಜಾಗ ಮನೆ ಎಂದು ಊರೂರು ತಿರುಗಿ ಹೇಳಿದಾಕೆ ಮನೆಯಲ್ಲಿ ಕೂತಿದ್ದು ಯಾವಾಗ ಎಂದು ಆಗಲೂ ಜನ ಕೇಳಿದ್ದರು. ಆಕೆ ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ.

1967ರಿಂದ ಆಕೆ ಒಂದು ಪುಟ್ಟ ಮಾಸಪತ್ರಿಕೆಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. 1972ರ ಫೆಬ್ರುವರಿ ಸಂಚಿಕೆಯಲ್ಲಿ ಸಮಾನ ಹಕ್ಕಿನಲ್ಲಿ ತಪ್ಪೇನು ಎಂದು ಬರೆದರು. ಅದೇ ವರ್ಷ ಸ್ಟಾಪ್ ಇಆರ್‌ಎ ಸಂಘಟನೆ ಹುಟ್ಟಿತು. ಸ್ಟಾಪ್ ಎಂಬ ಪದವನ್ನು ಬಿಡಿಸಿ ಓದಿದರೆ, ನಮ್ಮ ಸವಲತ್ತು ಕಿತ್ತುಕೊಳ್ಳುವುದನ್ನು ನಿಲ್ಲಿಸಿ ಎಂದಾಗುತ್ತಿತ್ತು.

ಯಾವ ಸವಲತ್ತು? ಕಥೆಯ ತಿರುಳು ಇರುವುದು ಇಲ್ಲಿ. ಹೆಂಡತಿ ಮಕ್ಕಳನ್ನು ಸಾಕುವುದು ಗಂಡನ ಹೊಣೆ ಎಂದು ಅಲ್ಲಿನ ಹಲವು ರಾಜ್ಯಗಳ ಕಾನೂನು ಹೇಳುತ್ತಿತ್ತು. ಕಾನೂನಿನಲ್ಲಿ ಇಬ್ಬರೂ ಸಮ ಆದರೆ ಆ ಹೊಣೆ ಹೋಗುತ್ತದೆ, ಇಪ್ಪತ್ತು ವರ್ಷ ಒಲೆ ಮುಂದೆ ಕಳೆದವಳು ಬೀದಿಗೆ ಬೀಳುತ್ತಾಳೆ ಎಂದು ಶ್ಲಾಫ್ಲಿ ಹೆದರಿಸಿದರು. ವಿಯೆಟ್ನಾಂ ಯುದ್ಧದ ಕಾಲ ಬೇರೆ. ಹೆಣ್ಣುಮಕ್ಕಳನ್ನೂ ಸೈನ್ಯಕ್ಕೆ ಕಡ್ಡಾಯವಾಗಿ ಎಳೆದೊಯ್ಯುತ್ತಾರೆ ಎಂಬ ಮಾತು ತಾಯಂದಿರ ಎದೆಗೆ ನಾಟಿತು. ತಪ್ಪು ಯಾರದೆಂದು ಸಾಬೀತು ಮಾಡದೆಯೇ ವಿಚ್ಛೇದನ ಪಡೆಯುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಜಾರಿಯಾಗಿ, ಬೇರೆ ರಾಜ್ಯಗಳಿಗೂ ಹಬ್ಬುತ್ತಿತ್ತು. ಸ್ವಂತ ಸಂಪಾದನೆ ಇಲ್ಲದ ಹೆಂಗಸಿಗೆ ಇದು ಉತ್ಪ್ರೇಕ್ಷೆಯ ಭಯವಲ್ಲ. ನಮ್ಮ ಊರುಗಳಲ್ಲೂ ಜೀವನಾಂಶಕ್ಕೆ ಕೋರ್ಟು ಅಲೆಯುವ ಅಕ್ಕಂದಿರನ್ನು ಕೇಳಿ ನೋಡಿ.

ಆದರೆ ಆ ಸವಲತ್ತು ನಿಜಕ್ಕೂ ಇತ್ತೇ? 1953ರಲ್ಲಿ ನೆಬ್ರಾಸ್ಕಾ ರಾಜ್ಯದ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಕೇಸಿದೆ. ಒಬ್ಬ ರೈತನ ಹೆಂಡತಿ. ಗಂಡನಿಗೆ ಜಮೀನಿದೆ, ಬ್ಯಾಂಕಿನಲ್ಲಿ ದುಡ್ಡಿದೆ, ಮನೆಯೊಳಗೆ ಬಚ್ಚಲಿಲ್ಲ, ಅಡುಗೆಮನೆಯಲ್ಲಿ ಸಿಂಕು ಇಲ್ಲ. ಆಕೆ ಕೋಳಿ ಸಾಕಿ, ಮೊಟ್ಟೆ ಮಾರಿ ತನ್ನ ಬಟ್ಟೆಗೂ ದಿನಸಿಗೂ ದಾರಿ ಮಾಡಿಕೊಂಡಿದ್ದಳು. ಮುಪ್ಪಿನಲ್ಲಿ ಸಾಕಾಗಿ ಕೋರ್ಟಿಗೆ ಹೋದಳು. ಕೆಳಗಿನ ಕೋರ್ಟು ಆಕೆಯ ಪರ ನಿಂತಿತು. ಸುಪ್ರೀಂ ಕೋರ್ಟು ಅದನ್ನು ಬಿಸಾಡಿತು: ಗಂಡ ಹೆಂಡತಿ ಒಂದೇ ಸೂರಿನಡಿ ಇರುವ ತನಕ ಮನೆಖರ್ಚು ಎಷ್ಟು ಎನ್ನುವುದು ಕೋರ್ಟಿನ ಕೆಲಸವಲ್ಲ ಎಂದಿತು. ಕಾನೂನಿನಲ್ಲಿ ಬರೆದ ಹೊಣೆ ಆ ಮುದುಕಿಯ ಅಡುಗೆಮನೆಗೆ ನಲ್ಲಿ ತರಲಿಲ್ಲ. ಶ್ಲಾಫ್ಲಿ ಕಾಪಾಡಲು ಹೊರಟಿದ್ದು ಇಂಥ ಸವಲತ್ತನ್ನು. ವಿಚಿತ್ರ ನೋಡಿ, ತಿದ್ದುಪಡಿಗೆ ಒಪ್ಪಿ ಆಮೇಲೆ ಒಪ್ಪಿಗೆ ವಾಪಸು ತೆಗೆದ ಮೊದಲ ರಾಜ್ಯವೂ ಇದೇ ನೆಬ್ರಾಸ್ಕಾ, 1973ರಲ್ಲಿ. ಭಯ ನಿಜವಾದದ್ದು, ಆಸರೆ ಮಾತ್ರ ಪೊಳ್ಳು ಎಂದು ನಮಗೆ ಅನಿಸುತ್ತದೆ.

ನಮ್ಮ ಸಂವಿಧಾನ ಈ ಗಂಟನ್ನು 1950ರಲ್ಲೇ ಬೇರೆ ರೀತಿ ಬಿಡಿಸಿತ್ತು. 15ನೇ ವಿಧಿ ಲಿಂಗದ ಆಧಾರದ ತಾರತಮ್ಯ ಕೂಡದು ಎನ್ನುತ್ತದೆ. ಅದರ ಮೂರನೇ ಉಪವಿಧಿ, ಮಹಿಳೆಯರಿಗೆ ಮತ್ತು ಮಕ್ಕಳಿಗೆ ವಿಶೇಷ ಅವಕಾಶ ಮಾಡಲು ಅಡ್ಡಿ ಇಲ್ಲ ಎನ್ನುತ್ತದೆ. ಇಆರ್‌ಎಯಲ್ಲಿ ಅಂಥ ಎರಡನೇ ಮಾತು ಇರಲಿಲ್ಲ. ಶ್ಲಾಫ್ಲಿ ಹಿಡಿದದ್ದು ಆ ಸಂದನ್ನೇ.

ಇನ್ನು ಕೆಲಸ ಮಾಡಿದ ರೀತಿ. ದಿಲ್ಲಿಯಂಥ ದೊಡ್ಡ ಊರಲ್ಲಿ ಮೆರವಣಿಗೆ ತೆಗೆಯುವುದಕ್ಕಿಂತ ಸ್ವಂತ ಕ್ಷೇತ್ರದ ಶಾಸಕನನ್ನು ಹಿಡಿಯುವುದು ಮೇಲು ಎಂಬುದು ಆಕೆಯ ಲೆಕ್ಕ. ಒಬ್ಬಾಕೆ ಐದು ಜನರಿಗೆ ಫೋನು, ಆ ಐವರು ಮತ್ತೆ ಐದೈದು ಜನರಿಗೆ. ಕೈಬರಹದ ಪತ್ರಗಳು. ಹಿಂದೆಂದೂ ವೇದಿಕೆ ಹತ್ತದ ಹೆಂಗಸರಿಗೆ ಟಿವಿ ಮುಂದೆ ಹೇಗೆ ಮಾತಾಡಬೇಕು, ಯಾವ ಬಣ್ಣದ ಬಟ್ಟೆ ಹಾಕಬೇಕು ಎಂದು ತರಬೇತಿ. ಎದುರಾಳಿ ರೇಗಿದರೂ ನಗುತ್ತಿರಬೇಕು ಎಂಬುದು ಮುಖ್ಯ ಪಾಠ. 1973ರಲ್ಲಿ ಸ್ತ್ರೀವಾದಿ ನಾಯಕಿ ಬೆಟ್ಟಿ ಫ್ರೀಡನ್ ಒಂದು ಚರ್ಚೆಯಲ್ಲಿ ತಾಳ್ಮೆಗೆಟ್ಟು, ನಿನ್ನನ್ನು ಕಂಬಕ್ಕೆ ಕಟ್ಟಿ ಸುಡಬೇಕು ಅನಿಸುತ್ತದೆ ಎಂದುಬಿಟ್ಟರು. ಶ್ಲಾಫ್ಲಿ ಸಿಟ್ಟಾಗಲಿಲ್ಲ, ಹಾಗೆ ಹೇಳಿದ್ದಕ್ಕೆ ಸಂತೋಷ ಅಂದರು. ಗೆಲುವು ಯಾರ ಕಡೆ ಹೋಯಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆಲ್ಲ ಜನ ಸಿಕ್ಕಿದ್ದು ಚರ್ಚುಗಳಲ್ಲಿ. ಕ್ಯಾಥೊಲಿಕರು, ದಕ್ಷಿಣದ ಪ್ರೊಟೆಸ್ಟೆಂಟರು, ಮಾರ್ಮನ್ನರು ಒಬ್ಬರ ಪೂಜಾಕ್ರಮ ಇನ್ನೊಬ್ಬರಿಗೆ ಆಗದಂಥವರು. ನಮ್ಮಲ್ಲಿ ಒಂದೇ ಊರಿನ ಎರಡು ಕೇರಿಯವರು ಒಂದೇ ಪಂಕ್ತಿಯಲ್ಲಿ ಕೂತ ಹಾಗೆ ಅದು. ಟೆಕ್ಸಾಸ್‌ನಲ್ಲಿ ಲಾಟಿ ಬೆತ್ ಹಾಬ್ಸ್ ಎಂಬ ಭಕ್ತಿಪುಸ್ತಕಗಳ ಲೇಖಕಿ ಕರಪತ್ರ ಹಂಚಿ ಸಾವಿರಾರು ಹೆಂಗಸರನ್ನು ಎಬ್ಬಿಸಿದರು. 1977ರ ನವೆಂಬರಿನಲ್ಲಿ ಹ್ಯೂಸ್ಟನ್ ನಗರದಲ್ಲಿ ಸರ್ಕಾರದ ಹಣದಿಂದ ರಾಷ್ಟ್ರೀಯ ಮಹಿಳಾ ಸಮ್ಮೇಳನ ನಡೆದಾಗ, ಅದೇ ಊರಿನ ಇನ್ನೊಂದು ಮೈದಾನದಲ್ಲಿ ಇವರು ಸುಮಾರು 15,000 ಜನರನ್ನು ಸೇರಿಸಿದರು. ಸಮಾನ ಹಕ್ಕು, 1973ರಲ್ಲಿ ಕೋರ್ಟು ಒಪ್ಪಿದ ಗರ್ಭಪಾತದ ಹಕ್ಕು, ಸಲಿಂಗಿಗಳ ಹಕ್ಕು ಎಲ್ಲವನ್ನೂ ಒಂದೇ ಕಂತೆಯಾಗಿ ಕಟ್ಟಿ ಕುಟುಂಬದ ವೈರಿ ಎಂದು ಕರೆದರು. ಬೆವರ್ಲಿ ಲಹೇ ಎಂಬ ಪಾದ್ರಿಯ ಹೆಂಡತಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಸಂಘಟನೆಯಂತೂ ಪ್ರಾರ್ಥನಾ ಗುಂಪುಗಳನ್ನೇ ಪತ್ರ ಬರೆಯುವ ಗುಂಪುಗಳಾಗಿ ಮಾಡಿತು.

ಚರ್ಚಿನ ಹೆಂಗಸರೆಲ್ಲ ಒಂದೇ ಕಡೆ ಇದ್ದರು ಎಂದುಕೊಳ್ಳಬೇಡಿ. ಸೋನಿಯಾ ಜಾನ್ಸನ್ ಎಂಬ ಮಾರ್ಮನ್ ಗೃಹಿಣಿ ತಿದ್ದುಪಡಿಯ ಪರ ಮಾತಾಡಿದ್ದಕ್ಕೆ 1979ರಲ್ಲಿ ಆಕೆಯ ಚರ್ಚು ಆಕೆಯನ್ನು ಹೊರಹಾಕಿತು. 1982ರಲ್ಲಿ ಆಕೆ ಇನ್ನೂ ಆರು ಮಂದಿಯೊಡನೆ ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ 37 ದಿನ ಉಪವಾಸ ಕೂತರು. ಒಂದು ಕಡೆ ಬ್ರೆಡ್ಡು ಹಂಚುವ ಹೆಂಗಸರು, ಇನ್ನೊಂದು ಕಡೆ ಊಟ ಬಿಟ್ಟ ಹೆಂಗಸರು. ಇಲಿನಾಯ್‌ನಲ್ಲಿ ತಿದ್ದುಪಡಿಗೆ ಬರೀ ಬಹುಮತ ಸಾಲದು, ಐದರಲ್ಲಿ ಮೂರು ಪಾಲು ಮತ ಬೇಕಿತ್ತು. ಕೆಲವೇ ಮತಗಳಲ್ಲಿ ಬಿದ್ದುಹೋಯಿತು. ವಿಸ್ತರಿಸಿದ್ದ ಗಡುವೂ 1982ರ ಜೂನ್ 30ಕ್ಕೆ ಮುಗಿಯಿತು. ಆ ಹೊತ್ತಿಗೆ ಒಪ್ಪಿದ ರಾಜ್ಯಗಳು 35. ಅದರಲ್ಲಿ ಐದು ಒಪ್ಪಿಗೆ ವಾಪಸು ಪಡೆದಿದ್ದವು.

ಪಕ್ಷದ ಮೇಲಾದ ಪರಿಣಾಮ ಇನ್ನೂ ದೊಡ್ಡದು. ರಿಪಬ್ಲಿಕನ್ ಪಕ್ಷ 1940ರಿಂದ ತನ್ನ ಪ್ರಣಾಳಿಕೆಯಲ್ಲಿ ಇಆರ್‌ಎಗೆ ಬೆಂಬಲ ಬರೆಯುತ್ತಾ ಬಂದಿತ್ತು. 1980ರಲ್ಲಿ, ರೇಗನ್ ಗೆದ್ದ ವರ್ಷ, ಆ ಸಾಲು ಹೋಯಿತು. ಗರ್ಭಪಾತದ ವಿರೋಧ ಗಟ್ಟಿಯಾಯಿತು. ಗರ್ಭಪಾತದ ಹಕ್ಕನ್ನು ಒಪ್ಪದ ನ್ಯಾಯಾಧೀಶರು ಬೇಕು ಎಂದು ಈ ಸಂಘಟನೆಗಳು ದಶಕಗಳ ಕಾಲ ಪಟ್ಟು ಹಿಡಿದವು. 2022ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1973ರ ತೀರ್ಪನ್ನು ರದ್ದು ಮಾಡಿತು. ಅದನ್ನು ನೋಡಲು ಶ್ಲಾಫ್ಲಿ ಇರಲಿಲ್ಲ, 2016ರಲ್ಲಿ ತೀರಿಕೊಂಡಿದ್ದರು. ಅಂದಹಾಗೆ, ಅಷ್ಟು ದುಡಿದ ಆಕೆಗೆ ರೇಗನ್ ಸರ್ಕಾರದಲ್ಲಿ ಮಂತ್ರಿಗಿರಿಯಂಥ ದೊಡ್ಡ ಹುದ್ದೆ ಸಿಗಲಿಲ್ಲ. ಗಂಡಸಾಗಿದ್ದರೆ ಸಿಗುತ್ತಿತ್ತು ಎಂದವರು ಸ್ತ್ರೀವಾದಿಗಳೇ.

2020ರಲ್ಲಿ ವರ್ಜೀನಿಯಾ 38ನೇ ರಾಜ್ಯವಾಗಿ ಒಪ್ಪಿತು. ಗಡುವು ಮುಗಿದು 37 ವರ್ಷ ದಾಟಿತ್ತು. ಆ ಒಪ್ಪಿಗೆ ಲೆಕ್ಕಕ್ಕಿದೆಯೋ ಇಲ್ಲವೋ ಎಂದು ವಾದ ನಡೆದೇ ಇದೆ. 24 ಪದಗಳು ಇನ್ನೂ ಸಂವಿಧಾನದ ಪುಟಕ್ಕೆ ಬಂದಿಲ್ಲ.