ಚುಟ್ಟ ಪ್ರಿಯರೊಬ್ಬರ ಆಗಸ್ಟ್ ರಜೆ ಮತ್ತು ಬಿಳಿ ಪರದೆಯ ಕೆಳಗಿನ ಹೊಗೆಸೊಪ್ಪು

ನಮ್ಮ ಬಳಗದ ಗೆಳೆಯನೊಬ್ಬನ ಚಿಕ್ಕಪ್ಪ ಅಮೆರಿಕದಲ್ಲಿದ್ದಾರೆ. ಪಿರಿಯಾಪಟ್ಟಣ ತಾಲ್ಲೂಕಿನವರು. ಅಪ್ಪ ಹೊಗೆಸೊಪ್ಪು ಬೆಳೆದ ದುಡ್ಡಿನಲ್ಲೇ ಎಂಜಿನಿಯರಿಂಗ್ ಓದಿ ಅಲ್ಲಿಗೆ ಹೋದವರು. ಒಂದು ದಿನ ಅವರಿಂದ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಬಂತು: "ಲೋ ಮಗಾ, ಆಗಸ್ಟ್ ಕೊನೇಲಿ ಒಂದು ವಾರ ರಜೆ ಸಿಕ್ಕಿದೆ. ನನಗೆ ಸಿಗಾರ್ ಹುಚ್ಚು ಅಂತ ನಿಂಗೊತ್ತಲ್ಲ. ಬೇಸಿಗೆ ಮುಗಿಯೋದ್ರೊಳಗೆ ಸಿಗಾರ್ ಹುಟ್ಟೋ ಊರು ಯಾವುದಾದ್ರೂ ನೋಡ್ಬೇಕು. ಕ್ಯೂಬಾಗೆ ಹೋಗ್ಲಾ? ನೀವೆಲ್ಲ ಪೇಪರ್‌ನೋರು, ಸ್ವಲ್ಪ ಓದಿ ಹೇಳ್ರೋ."

ನಮಗೆ ಬೇಸಿಗೆ ಎಂದರೆ ಯುಗಾದಿಯ ಆಸುಪಾಸು. ಅವರಿಗೆ ಜೂನ್‌ನಿಂದ ಆಗಸ್ಟ್. ನಮ್ಮಲ್ಲಿ ಶ್ರಾವಣದ ಮಳೆ ಹನಿಯುತ್ತಾ, ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಿಗೆ ಬೆಂಕಿ ಬೀಳುವ ಹೊತ್ತಿಗೆ ಅಲ್ಲಿ ಬೇಸಿಗೆಯ ಕೊನೆ.

ನಮ್ಮಲ್ಲಿ ಯಾರೂ ಸಿಗಾರ್ ಸೇದುವವರಲ್ಲ, ಸೇದಿ ಎಂದು ಹೇಳುವವರೂ ಅಲ್ಲ. ಆದರೆ ಪ್ರಶ್ನೆ ಚೆನ್ನಾಗಿತ್ತು. ಕೂತು ಓದಿದೆವು. ಓದುತ್ತಾ ಹೋದಂತೆ ಅದು ಪ್ರವಾಸದ ಪ್ರಶ್ನೆಯಾಗಿ ಉಳಿಯಲಿಲ್ಲ.

ಮೊದಲು ಕ್ಯೂಬಾ ವಿಚಾರ ಮುಗಿಸೋಣ. ಜಗತ್ತಿನ ಅತ್ಯಂತ ಹೆಸರುವಾಸಿ ಸಿಗಾರ್ ಎಲೆ ಬೆಳೆಯುವುದು ಆ ದ್ವೀಪದ ಪಶ್ಚಿಮ ತುದಿಯ ಪಿನಾರ್ ಡೆಲ್ ರಿಯೋ ಸೀಮೆಯಲ್ಲಿ. ಅಲ್ಲಿ ನಾಟಿ ಶುರುವಾಗುವುದು ಅಕ್ಟೋಬರ್ ಹೊತ್ತಿಗೆ, ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಆಗಸ್ಟ್‌ನಲ್ಲಿ ಹೋದರೆ ಹೊಲದಲ್ಲಿ ಹೊಗೆಸೊಪ್ಪೇ ಇರುವುದಿಲ್ಲ. ಮೇಲಾಗಿ ಅದು ಚಂಡಮಾರುತದ ಕಾಲ. 2022ರ ಸೆಪ್ಟೆಂಬರ್‌ನಲ್ಲಿ ಬಂದ 'ಇಯಾನ್' ಚಂಡಮಾರುತ ಅದೇ ಸೀಮೆಯ ಮೇಲೆ ಹಾದು, ಎಲೆ ಒಣಗಿಸುವ ಸಾವಿರಾರು ಕೊಟ್ಟಿಗೆಗಳನ್ನು ನೆಲಸಮ ಮಾಡಿತ್ತು. ಸಾಲದ್ದಕ್ಕೆ ಅಮೆರಿಕದಿಂದ ಬರೀ ಪ್ರವಾಸಕ್ಕೆಂದು ಕ್ಯೂಬಾಗೆ ಹೋಗಲು ಅಲ್ಲಿನ ಕಾನೂನು ಬಿಡುವುದಿಲ್ಲ. ಇದು 1962ರ ವ್ಯಾಪಾರ ನಿರ್ಬಂಧದ ಬಾಲ. ಆ ನಿರ್ಬಂಧಕ್ಕೆ ಸಹಿ ಹಾಕುವ ಮುಂಚೆ ಅಧ್ಯಕ್ಷ ಕೆನಡಿ ತಮಗೆ ಸಾವಿರ ಕ್ಯೂಬನ್ ಸಿಗಾರ್ ತರಿಸಿಕೊಡು ಎಂದು ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರೆ ಸಾಲಿಂಜರ್‌ಗೆ ಹೇಳಿದರಂತೆ. ಸಾಲಿಂಜರ್ 1,200 ತಂದರಂತೆ. ಆಮೇಲೆ ಸಹಿ ಬಿತ್ತಂತೆ. ಇದನ್ನು ಸಾಲಿಂಜರ್ ಅವರೇ ಮುಂದೆ ಬರೆದುಕೊಂಡಿದ್ದಾರೆ. ಕಾನೂನು ಮಾಡುವವರ ಜಾಣತನ ಎಲ್ಲಾ ದೇಶದಲ್ಲೂ ಒಂದೇ ನೋಡಿ.

ಹವಾನಾ ನಗರದ ಬಗ್ಗೆ ನಮಗೊಂದು ಆಸೆ ಉಳಿದೇ ಇದೆ, ಅದನ್ನು ಹೇಳದೆ ಮುಂದೆ ಹೋಗಲಾಗದು. ಅಲ್ಲಿನ ಸಿಗಾರ್ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ಇದೆ. ಕೆಲಸಗಾರರು ಸಾಲಾಗಿ ಕೂತು ಎಲೆ ಸುತ್ತುತ್ತಿದ್ದರೆ, ಎತ್ತರದ ಕಟ್ಟೆಯ ಮೇಲೆ ಕೂತ ಒಬ್ಬರು ಅವರಿಗೆ ಪತ್ರಿಕೆ, ಕಾದಂಬರಿ ಓದಿ ಹೇಳುತ್ತಾರೆ. ಮೊದಲಿಗೆ ಆ ಓದುಗನ ಸಂಬಳವನ್ನು ಕೊಡುತ್ತಿದ್ದವರು ಮಾಲೀಕರಲ್ಲ, ಕೆಲಸಗಾರರೇ ತಮ್ಮ ಕೂಲಿಯಿಂದ ಕೂಡಿಸಿ ಕೊಡುತ್ತಿದ್ದರು. 'ಮಾಂಟೆಕ್ರಿಸ್ಟೋ' ಎಂಬ ಪ್ರಸಿದ್ಧ ಸಿಗಾರ್‌ಗೆ ಆ ಹೆಸರು ಬಂದದ್ದು ಹಾಗೆ ಓದಿಸಿಕೊಂಡ ಡೂಮಾನ ಕಾದಂಬರಿಯಿಂದ. ಕೂಲಿಯವರೇ ದುಡ್ಡು ಹಾಕಿ ಸುದ್ದಿ ಓದಿಸಿಕೊಂಡಿದ್ದರು ಎಂದು ತಿಳಿದಾಗ ನಮ್ಮಂಥ ಪತ್ರಿಕೋದ್ಯಮ ಓದಿದವರಿಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಸರಿ, ಕ್ಯೂಬಾ ಬೇಡ. ಆಗಸ್ಟ್‌ನಲ್ಲಿ ಸಿಗಾರ್ ಎಲೆ ಹೊಲದಲ್ಲಿ ನಿಂತಿರುವ ಜಾಗ ಎಲ್ಲಿದೆ? ಚಿಕ್ಕಪ್ಪನ ಮನೆಯಿಂದ ಕಾರಿನಲ್ಲಿ ಹೋಗುವಷ್ಟು ಹತ್ತಿರದಲ್ಲೇ ಇತ್ತು. ಕನೆಕ್ಟಿಕಟ್ ನದಿಯ ಕಣಿವೆ.

ಅಮೆರಿಕದ ಈಶಾನ್ಯ ಮೂಲೆ ಎಂದರೆ ಹಿಮ ಬೀಳುವ ಚಳಿ ನಾಡು. ಅಲ್ಲಿ ಹೊಗೆಸೊಪ್ಪೇ ಎಂದು ನಾವೂ ಕೇಳಿದೆವು. ಆದರೆ ನದಿ ತಂದು ಹಾಕಿದ ಮರಳು ಮಿಶ್ರಿತ ಹಗುರ ಮಣ್ಣು, ಬೇಸಿಗೆಯಲ್ಲಿ ಒಳ್ಳೆಯ ಸೆಕೆ. ಬಿಳಿಯರು ಬರುವ ಮುಂಚೆಯೇ ಅಲ್ಲಿನ ಮೂಲನಿವಾಸಿಗಳು ಹೊಗೆಸೊಪ್ಪು ಬೆಳೆಯುತ್ತಿದ್ದರು. 1630ರ ದಶಕದಲ್ಲಿ ಬಂದು ನೆಲೆನಿಂತ ಇಂಗ್ಲಿಷರೂ ಬೆಳೆಯತೊಡಗಿದರು.

ಇಲ್ಲಿ ಸಿಗಾರ್ ರಚನೆ ಸ್ವಲ್ಪ ತಿಳಿದಿರಬೇಕು. ಸಿಗಾರ್‌ನಲ್ಲಿ ಮೂರು ಪದರ. ಒಳಗೆ ತುಂಬುವ ಎಲೆ, ಅದನ್ನು ಬಿಗಿಯುವ ಎಲೆ, ಎಲ್ಲಕ್ಕಿಂತ ಮೇಲೆ ಹೊದಿಸುವ ಎಲೆ. ಕಣ್ಣಿಗೆ ಕಾಣುವುದು ಹೊದಿಕೆ ಎಲೆ ಮಾತ್ರ. ಅದು ಹರಿದಿರಬಾರದು, ತೂತಿರಬಾರದು, ನರ ಎದ್ದು ಕಾಣಬಾರದು, ಬಣ್ಣ ಒಂದೇ ಸಮ ಇರಬೇಕು. ಮದುವೆಗೆ ಆರಿಸುವ ವೀಳ್ಯದೆಲೆಗೂ ಇಷ್ಟು ಪರೀಕ್ಷೆ ಇರುವುದಿಲ್ಲ. ತೂಕದಲ್ಲಿ ಅತಿ ಕಡಿಮೆ, ಬೆಲೆಯಲ್ಲಿ ಅತಿ ಹೆಚ್ಚು. ಕನೆಕ್ಟಿಕಟ್ ಕಣಿವೆಯ ಹೆಸರು ನಿಂತಿರುವುದು ಈ ಹೊದಿಕೆ ಎಲೆಯ ಮೇಲೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಆ ರೈತರಿಗೆ ಪೆಟ್ಟು ಬಿತ್ತು. ಆಗ ಡಚ್ಚರ ಕೈಲಿದ್ದ ಸುಮಾತ್ರಾ ದ್ವೀಪದಿಂದ ತೆಳ್ಳಗಿನ, ನಯವಾದ ಎಲೆ ಅಮೆರಿಕದ ಮಾರುಕಟ್ಟೆಗೆ ನುಗ್ಗಿತು. ಕಣಿವೆಯ ಎಲೆ ಅದರ ಮುಂದೆ ದಪ್ಪ, ಒರಟು. ಬೇರೆಯವರ ಸರಕು ಬಂದು ನಮ್ಮ ಬೆಲೆ ಬಿದ್ದಾಗ ಏನಾಗುತ್ತದೆಂದು ನಿಮಗೆ ನಾವು ಹೇಳಬೇಕಿಲ್ಲ. ಅವರು ಮಾಡಿದ ಉಪಾಯ ವಿಚಿತ್ರವಾಗಿತ್ತು. ಸುಮಾತ್ರಾದ ಬಿಸಿ, ತೇವ, ಮಬ್ಬು ಬೆಳಕನ್ನು ಇಲ್ಲೇ ಹುಟ್ಟಿಸೋಣ ಎಂದು ಹೊರಟರು. 1900ರಲ್ಲಿ ವಿಂಡ್ಸರ್ ಊರಿನ ಪೊಕ್ವೊನಾಕ್ ಎಂಬಲ್ಲಿ ಹೊಲದ ತುಂಬ ಕಂಬ ನೆಟ್ಟು, ತಂತಿ ಎಳೆದು, ಮೇಲೆ ತೆಳು ಹತ್ತಿ ಬಟ್ಟೆ ಹೊದಿಸಿದರು. ಒಳಗೆ ಸೆಕೆ ಹೆಚ್ಚಿತು, ತೇವ ಉಳಿಯಿತು, ಬಿಸಿಲು ಸೋಸಿ ಬಿತ್ತು. ಎಲೆ ಅಗಲವಾಗಿ, ತೆಳ್ಳಗೆ ಬಂತು. ಇವತ್ತು ನಮ್ಮಲ್ಲಿ ದೊಣ್ಣೆಮೆಣಸಿನಕಾಯಿಗೆ ಹಾಕುವ ನೆರಳು ಪರದೆ ಇದೆಯಲ್ಲ, ಅಂಥದ್ದೇ ಸಂಗತಿ, ನೂರಿಪ್ಪತ್ತು ವರ್ಷದ ಹಿಂದೆ.

1920ರ ದಶಕದ ಹೊತ್ತಿಗೆ ಬಯಲಿನ ಎಲೆ, ನೆರಳಿನ ಎಲೆ ಸೇರಿ ಸುಮಾರು 30 ಸಾವಿರ ಎಕರೆಗೆ ಬೆಳೆ ಹಬ್ಬಿತ್ತು. ಆಗ ಗುಡ್ಡದ ಮೇಲೆ ನಿಂತು ನೋಡಿದರೆ ಕಣಿವೆ ತುಂಬ ಬಿಳಿ ಬಟ್ಟೆ ಒಣಹಾಕಿದಂತೆ ಕಾಣುತ್ತಿದ್ದಿರಬೇಕು.

ಬಟ್ಟೆಯ ಕೆಳಗೆ ಕೆಲಸ ಮಾಡಿದವರು ಯಾರು? ನಮಗೆ ಪ್ರವಾಸ ಮರೆತುಹೋದದ್ದು ಇಲ್ಲೇ.

ನೆರಳಿನ ಎಲೆ ಕೀಳುವುದು ಸೂಕ್ಷ್ಮ ಕೆಲಸ. ಕೆಳಗಿನ ಎಲೆಯಿಂದ ಶುರು, ಒಂದು ಸುತ್ತಿಗೆ ಗಿಡಕ್ಕೆ ಎರಡು ಮೂರು ಎಲೆ. ಕೆಳ ಎಲೆ ಕೀಳುವ ಹುಡುಗರು ನೆಲದ ಮೇಲೆ ಕೂತು, ಕೂತಂತೆಯೇ ಸಾಲಿನುದ್ದಕ್ಕೂ ತೆವಳುತ್ತಾ ಹೋಗುತ್ತಿದ್ದರು. ಕೊಟ್ಟಿಗೆಯಲ್ಲಿ ಹುಡುಗಿಯರು ಎಲೆಗಳನ್ನು ದಾರಕ್ಕೆ ಪೋಣಿಸಿ ಕಡ್ಡಿಗೆ ಕಟ್ಟುತ್ತಿದ್ದರು. ಅದು ಶಾಲೆಗೆ ರಜೆಯ ಕಾಲವಾದ್ದರಿಂದ ಸುತ್ತಲ ಊರುಗಳ ಹದಿನಾಲ್ಕು ಹದಿನೈದರ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಸಿ ತರುತ್ತಿದ್ದರು. ಬೆಳಗಿನ ಇಬ್ಬನಿಯಲ್ಲಿ ಒದ್ದೆ ಎಲೆ ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಹುಣಸೂರು ಕಡೆಯ ನಮ್ಮ ಓದುಗರಿಗೆ ಇದು ಹೊಸದಲ್ಲ.

ಮಕ್ಕಳು ಸಾಲದಾದಾಗ ದೂರದಿಂದ ಜನ ಬಂದರು. ಮೊದಲ ಮಹಾಯುದ್ಧದ ಕಾಲದಲ್ಲೇ ದಕ್ಷಿಣ ಅಮೆರಿಕ ಸಂಸ್ಥಾನದ, ಅಂದರೆ ಅದೇ ದೇಶದ ದಕ್ಷಿಣ ರಾಜ್ಯಗಳ, ಕಪ್ಪು ವಿದ್ಯಾರ್ಥಿಗಳನ್ನು ಬೇಸಿಗೆ ಕೂಲಿಗೆ ಕರೆಸುವ ಪದ್ಧತಿ ಶುರುವಾಯಿತು. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಿಂದ ಹುಡುಗರ ತಂಡ ರೈಲಿನಲ್ಲಿ ಬರುತ್ತಿತ್ತು. ಬೇಸಿಗೆ ದುಡಿದು ಕಾಲೇಜು ಶುಲ್ಕ ಕಟ್ಟುವುದು. ಎರಡನೇ ಮಹಾಯುದ್ಧದಲ್ಲಿ ಜಮೈಕಾದವರು, ಆಮೇಲೆ ಪೋರ್ಟೊರಿಕೊದವರು. ಇವತ್ತು ಹತ್ತಿರದ ಹಾರ್ಟ್‌ಫರ್ಡ್ ನಗರದಲ್ಲಿ ಆ ಎರಡೂ ದ್ವೀಪಗಳ ಜನ ತುಂಬಿರುವುದಕ್ಕೆ ಈ ಹೊಗೆಸೊಪ್ಪಿನ ಹೊಲಗಳೂ ಒಂದು ಮುಖ್ಯ ಕಾರಣ.

1944ರ ಬೇಸಿಗೆಯಲ್ಲಿ ಮೋರ್‌ಹೌಸ್ ತಂಡದೊಂದಿಗೆ ಸಿಮ್ಸ್‌ಬರಿ ಎಂಬ ಊರಿಗೆ ಬಂದವರಲ್ಲಿ ಹದಿನೈದು ವರ್ಷದ ಹುಡುಗನೊಬ್ಬನಿದ್ದ. ಪಾದ್ರಿಯ ಮಗ. ಇನ್ನೇನು ಕಾಲೇಜು ಸೇರಬೇಕು. ಹೆಸರು ಮಾರ್ಟಿನ್ ಲೂಥರ್ ಕಿಂಗ್.

ಹೌದು, ಅವರೇ. ಸಿಗಾರ್‌ನ ಹೊದಿಕೆ ಎಲೆಗೆ ಕೂಲಿಯಾಗಿ ಬಂದಿದ್ದರು.

ಆ ಹುಡುಗ ಮನೆಗೆ ಬರೆದ ಪತ್ರಗಳು ಉಳಿದಿವೆ. ತನಗೆ ಅಡುಗೆಮನೆ ಕೆಲಸವೂ ಸಿಕ್ಕಿದೆ, ಹಾಗಾಗಿ ಬೇರೆ ಹುಡುಗರಿಗಿಂತ ಚೆನ್ನಾಗಿ ಊಟ ಸಿಗುತ್ತದೆ ಎಂದು ಅಮ್ಮನಿಗೆ ಬರೆಯುತ್ತಾನೆ. ಹಾಸ್ಟೆಲ್‌ನಿಂದ ಮಕ್ಕಳು ಬರೆಯುವುದೇ ಹಾಗೆ ಅಲ್ವಾ, ಮೊದಲು ಊಟದ ಸುದ್ದಿ. ಆಮೇಲೆ ದೊಡ್ಡ ಸುದ್ದಿ ಬರುತ್ತದೆ. ವಾಷಿಂಗ್ಟನ್ ದಾಟಿದ ಮೇಲೆ ಭೇದಭಾವ ಕಾಣಲಿಲ್ಲ, ಎಲ್ಲಿ ಬೇಕೋ ಅಲ್ಲಿ ಹೋಗುತ್ತೇವೆ, ಎಲ್ಲಿ ಬೇಕೋ ಅಲ್ಲಿ ಕೂರುತ್ತೇವೆ ಎಂದು ಅಪ್ಪನಿಗೆ ತಿಳಿಸುತ್ತಾನೆ. ಹಾರ್ಟ್‌ಫರ್ಡ್‌ನ ಒಳ್ಳೆಯ ಹೋಟೆಲಿನಲ್ಲಿ ಕೂತು ಉಂಡೆವು, ನಮ್ಮ ಜನ ಎಲ್ಲಿ ಬೇಕಾದರೂ ಉಣ್ಣಬಹುದೆಂದು ತಾನು ಎಣಿಸಿಯೇ ಇರಲಿಲ್ಲ ಎಂದು ಅಮ್ಮನಿಗೆ ಹೇಳುತ್ತಾನೆ. ಸಿಮ್ಸ್‌ಬರಿಯ ಬಿಳಿಯರ ಚರ್ಚಿಗೆ ಹೋದದ್ದನ್ನೂ ಬರೆಯುತ್ತಾನೆ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಊರುಗಳನ್ನು ಕಂಡ ನಮಗೆ ಆ ಸಾಲುಗಳನ್ನು ಬಿಡಿಸಿ ಹೇಳುವವರು ಬೇಕಾಗಲಿಲ್ಲ.

ಇಷ್ಟಾದರೂ ಕನೆಕ್ಟಿಕಟ್ ಸ್ವರ್ಗವೇನೂ ಆಗಿರಲಿಲ್ಲ. ಹುಡುಗರು ಇದ್ದದ್ದು ತಮ್ಮದೇ ಬೇರೆ ವಸತಿಯಲ್ಲಿ, ದುಡಿದದ್ದು ಬೆಂಕಿಯಂಥ ಬಟ್ಟೆಯ ಗುಡಾರದೊಳಗೆ. ಮುಂದೆ ಪೋರ್ಟೊರಿಕೊ ಕೂಲಿಗಳು ಕ್ಯಾಂಪಿನ ದುಸ್ಥಿತಿ ವಿರುದ್ಧ 1970ರ ದಶಕದಲ್ಲಿ ಸಂಘ ಕಟ್ಟಬೇಕಾಯಿತು.

ಆದರೆ ಬೇಸಿಗೆ ಮುಗಿದು ಊರಿಗೆ ಮರಳುವ ರೈಲಿನಲ್ಲಿ ನಡೆದದ್ದನ್ನು ಕಿಂಗ್ ಮರೆಯಲಿಲ್ಲ. ನ್ಯೂಯಾರ್ಕ್‌ನಿಂದ ವಾಷಿಂಗ್ಟನ್‌ವರೆಗೆ ಎಲ್ಲಿ ಬೇಕಾದರೂ ಕೂರಬಹುದಿತ್ತು. ಅಲ್ಲಿಂದ ಮುಂದೆ ಕಪ್ಪು ಜನರ ಬೋಗಿಗೆ ಹೋಗಬೇಕು. ಊಟದ ಬೋಗಿಯಲ್ಲಿ ಅವರನ್ನು ಪರದೆಯ ಹಿಂದೆ ಕೂರಿಸುತ್ತಿದ್ದರು. ಮೊದಲ ಸಲ ಹಾಗೆ ಕೂತಾಗ ಆ ಪರದೆ ತನ್ನತನದ ಮೇಲೇ ಬಿದ್ದಂತಾಯಿತು ಎಂಬ ಅರ್ಥದ ಮಾತನ್ನು ಅವರು ಆಮೇಲೆ ಆಡಿದ್ದಾರೆ. ಪಾದ್ರಿ ವಿದ್ಯಾಲಯಕ್ಕೆ ಅರ್ಜಿ ಹಾಕುವಾಗ, ಸಮಾಜ ಸೇವೆಗೆ ಇಳಿಯಬೇಕೆಂಬ ತಡೆಯಲಾಗದ ಒತ್ತಾಸೆ ಹುಟ್ಟಿದ್ದು 1944ರ ಬೇಸಿಗೆಯಲ್ಲೇ ಎಂದು ಬರೆದರು. 1947ರಲ್ಲಿ ಇನ್ನೊಮ್ಮೆ ಅದೇ ಕಣಿವೆಗೆ ಕೂಲಿಗೆ ಬಂದರು.

ಸಿಮ್ಸ್‌ಬರಿಯಲ್ಲಿ ಈ ಕತೆ ಬಹುಕಾಲ ಗಾಳಿಮಾತಿನಂತೆ ಇತ್ತಂತೆ. 2010ರ ಹೊತ್ತಿಗೆ ಅಲ್ಲಿನ ಹೈಸ್ಕೂಲು ಮಕ್ಕಳು ಅದರ ಬೆನ್ನು ಹತ್ತಿ, ಹಳಬರನ್ನು ಮಾತಾಡಿಸಿ, ಪುಟ್ಟ ಸಾಕ್ಷ್ಯಚಿತ್ರ ಮಾಡಿದರು. 2021ರಲ್ಲಿ ಊರಿನವರು ಮತ ಹಾಕಿ, ಕಿಂಗ್ ದುಡಿದ ಹೊಲವಿದ್ದ ಜಮೀನನ್ನು ಬಡಾವಣೆಯಾಗದಂತೆ ಉಳಿಸಿಕೊಳ್ಳಲು ಕೊಳ್ಳುವ ತೀರ್ಮಾನ ಮಾಡಿದರು. ನಮ್ಮ ಹಳ್ಳಿ ಶಾಲೆಗಳ ಮಕ್ಕಳ ಕೈಲೂ ಈಗ ಫೋನಿದೆ ಎಂಬುದನ್ನು ಇಲ್ಲಿ ಸುಮ್ಮನೆ ನೆನಪಿಸುತ್ತೇವೆ.

ಬೆಳೆ ಈಗ ಬಹಳ ಇಳಿದಿದೆ. ಹೊಲಗಳು ಮನೆ, ಗೋದಾಮು, ರಸ್ತೆಗಳಾಗಿವೆ. ಅದೇ ಬೀಜವನ್ನು ಈಕ್ವೆಡಾರ್ ದೇಶದಲ್ಲಿ ಬೆಳೆಯುತ್ತಾರೆ. ಅಲ್ಲಿ ಯಾವಾಗಲೂ ಮೋಡ, ಬಟ್ಟೆಯ ಖರ್ಚೇ ಇಲ್ಲ, ಕೂಲಿಯೂ ಕಡಿಮೆ. ಸುಮಾತ್ರಾದ ಪೆಟ್ಟಿಗೆ ಬಟ್ಟೆ ಹೊದಿಸಿದವರು ಈಕ್ವೆಡಾರ್‌ನ ಮೋಡಕ್ಕೆ ಏನು ಮಾಡಿಯಾರು!

ಹೀಗೆ ಓದಿ ಚಿಕ್ಕಪ್ಪನಿಗೆ ಉತ್ತರ ಕಳಿಸಿದೆವು. ಮೊದಲು ವಿಂಡ್ಸರ್‌ನ ನಾರ್ತ್‌ವೆಸ್ಟ್ ಪಾರ್ಕಿನಲ್ಲಿರುವ ಹೊಗೆಸೊಪ್ಪಿನ ಮ್ಯೂಸಿಯಂ ನೋಡಿ, ಅಲ್ಲಿ ಹಳೆಯ ಕೊಟ್ಟಿಗೆ ಇದೆ. ಆಮೇಲೆ ಸುತ್ತಲ ರಸ್ತೆಗಳಲ್ಲಿ ನಿಧಾನಕ್ಕೆ ಕಾರು ಓಡಿಸಿ, ಆಗಸ್ಟ್‌ನಲ್ಲಿ ಎಲೆ ಕೀಳುತ್ತಿರುತ್ತಾರೆ. ಕೊನೆಗೆ ಸಿಮ್ಸ್‌ಬರಿ. ಅಲ್ಲಿನ ಗ್ರಂಥಾಲಯದ ಹತ್ತಿರ ಕಿಂಗ್ ಸ್ಮಾರಕವಿದೆ. ಸಿಗಾರ್ ಸೇದುವುದು ಬಿಡುವುದು ನಿಮ್ಮಿಷ್ಟ.

ಅವರು ಹೋಗಿ ಬಂದರು. ಫೋಟೋ ಕಳಿಸಿದರು. ಉದ್ದನೆಯ ಮರದ ಕೊಟ್ಟಿಗೆ, ಗೋಡೆಯ ಹಲಗೆಗಳು ಕಿಟಕಿಯಂತೆ ತೆರೆದಿವೆ, ಒಳಗೆ ಮೇಲಿಂದ ಕೆಳಗೆ ಸಾಲುಸಾಲು ಎಲೆ. ಅಲ್ಲಿ ಹದ ಮಾಡುವುದು ಮುಖ್ಯವಾಗಿ ಗಾಳಿಯಿಂದ. ಹವೆ ನೋಡಿ ಹಲಗೆ ತೆಗೆಯುವುದು, ಮುಚ್ಚುವುದು, ವಾರಗಟ್ಟಲೆ ಕಾಯುವುದು. ನಮ್ಮ ಮೈಸೂರು ಸೀಮೆಯದು ಸಿಗರೇಟಿನ ಎಲೆ. ಬ್ಯಾರನ್ ಮುಚ್ಚಿ, ಸೌದೆ ಉರಿಸಿ, ಕೊಳವೆಯ ಕಾವಿನಲ್ಲಿ ಐದಾರು ದಿನಕ್ಕೆ ಮುಗಿಸಬೇಕು. ರಾತ್ರಿಯೆಲ್ಲ ಎದ್ದು ಕಾವು ನೋಡಬೇಕು.

ಆ ಫೋಟೋವನ್ನು ಗೆಳೆಯ ತನ್ನ ಅಜ್ಜಿಗೆ, ಅಂದರೆ ಚಿಕ್ಕಪ್ಪನ ತಾಯಿಗೆ, ತೋರಿಸಿದ. ಅಜ್ಜಿ ಫೋನು ಹತ್ತಿರ ಹಿಡಿದು ಸುಮಾರು ಹೊತ್ತು ನೋಡಿದರು. ಆಮೇಲೆ ಕೇಳಿದರು: "ಕೊಟ್ಟಿಗೆ ಬೋ ದೊಡ್ಡದೈತೆ ಕಣಪ್ಪ. ಸೌದೆ ಎಲ್ಲಿ ಒಟ್ಟವ್ರೆ?"